ಸೂಜಿಮೊನೆಯಷ್ಟು ಎಣ್ಣೆ

ನನ್ನ ಮೊದಲ ಎಚ್‌ಓ (ಅಸಲಿನ 87ರಲ್ಲೊಂದು ಪಾಲು ಗಾತ್ರದ) ಮಾದರಿ ರೈಲಿನ ಎಂಜಿನ್ ಕೆಟ್ಟದ್ದು ಎಣ್ಣೆ ಇಲ್ಲದೆ ಅಲ್ಲ, ಎಣ್ಣೆ ಹೆಚ್ಚಾಗಿ. ಪೆಟ್ಟಿಗೆಯಲ್ಲಿ ಎಷ್ಟೋ ವರ್ಷ ಮಲಗಿದ್ದ, ಡೀಸೆಲ್ ಎಂಜಿನ್ನಿನ ಮಾದರಿ ಅದು. ಹಳಿಯ ಮೇಲಿಟ್ಟು ಕರೆಂಟ್ ಕೊಟ್ಟರೆ ಜಲ್ಲಿ ಅರೆಯುವ ಯಂತ್ರದಂತೆ ಗರ್ರೆನ್ನುತ್ತಿತ್ತು. ಕೈಗೆ ಸಿಕ್ಕಿದ ಹೊಲಿಗೆ ಯಂತ್ರದ ಎಣ್ಣೆಯನ್ನು ಕಂಡ ಕಂಡ ಸಂದಿಗೆಲ್ಲ ಬಿಟ್ಟೆ. ಹತ್ತು ನಿಮಿಷ ಸದ್ದು ನಿಜಕ್ಕೂ ತಗ್ಗಿತು. ಆಮೇಲೆ ವೇಗ ಇಳಿಯಿತು, ಮೋಟಾರಿನಿಂದ ಸುಟ್ಟ ವಾಸನೆ ಬಂತು, ಎಂಜಿನ್ ಸುತ್ತಿದ ದಾರಿಯುದ್ದಕ್ಕೂ ಹಳಿಯ ಮೇಲೆ ಜಿಡ್ಡಿನ ಗೆರೆ ಉಳಿಯಿತು.

ಬಿಚ್ಚಿ ನೋಡಿದಾಗ ಕಾರಣ ಕಣ್ಣೆದುರೇ ಇತ್ತು. ಮೋಟಾರಿನ ಕಮ್ಯುಟೇಟರ್ ಎಂದರೆ ತಾಮ್ರದ ಹೋಳುಗಳನ್ನು ಸಣ್ಣ ಸಂದಿ ಬಿಟ್ಟು ಜೋಡಿಸಿದ ಉರುಳೆ. ಅದಕ್ಕೆ ಕಾರ್ಬನ್ ಬ್ರಷ್‌ಗಳು ಒತ್ತಿಕೊಂಡು ಉಜ್ಜುತ್ತಿರುತ್ತವೆ. ಬ್ರಷ್ ಸವೆದು ಉದುರುವ ಪುಡಿ ಒಣಗಿದ್ದರೆ ತಾನಾಗಿ ಹಾರಿಹೋಗುತ್ತದೆ. ಎಣ್ಣೆ ಸೇರಿದರೆ ಅದೇ ಪುಡಿ ಕಾಡಿಗೆಯಾಗಿ ಸಂದಿಯಲ್ಲಿ ಕೂರುತ್ತದೆ, ಕರೆಂಟ್ ಒಂದು ಹೋಳಿನಿಂದ ಪಕ್ಕದ ಹೋಳಿಗೆ ಅಡ್ಡದಾರಿ ಹಿಡಿಯುತ್ತದೆ. ಮೋಟಾರ್ ಬಿಸಿಯಾಗುವುದು ಅದಕ್ಕೇ. ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ಮರದ ಹಲ್ಲುಕಡ್ಡಿಯಿಂದ ಒಂದೊಂದು ಸಂದಿಯನ್ನೂ ಕೆರೆದು ತೆಗೆಯಲು ಒಂದು ಸಂಜೆ ಪೂರ್ತಿ ಹಿಡಿಯಿತು. ಹಳೆಯ, ತೆರೆದ ಚೌಕಟ್ಟಿನ ಮೋಟಾರ್ ಇರುವವರಿಗೆ ಇಲ್ಲೇ ಒಂದು ಮಾತು: ಸ್ವಚ್ಛ ಮಾಡುವ ಉತ್ಸಾಹದಲ್ಲಿ ಅಯಸ್ಕಾಂತವನ್ನು ಕಳಚಬೇಡಿ. ಆಲ್ನಿಕೊ (ಅಲ್ಯೂಮಿನಿಯಂ, ನಿಕಲ್, ಕೋಬಾಲ್ಟ್ ಸೇರಿದ ಮಿಶ್ರಲೋಹ) ಬಗೆಯದಾದರೆ ಹೊರಗೆ ತೆಗೆದೊಡನೆ ಬಲ ಕುಂದುತ್ತದೆ, ಮತ್ತೆ ಕೂರಿಸಿದರೂ ಮೊದಲಿನಂತಾಗುವುದಿಲ್ಲ.

ಅಂದಿನಿಂದ ಎಣ್ಣೆಯ ಸೀಸೆಗೆ ಕೈಹಾಕುವ ಮೊದಲು ಕಿವಿಗೊಡುವುದನ್ನು ರೂಢಿಸಿಕೊಂಡಿದ್ದೇನೆ. ಮೇಲಿನ ಕವಚ ತೆಗೆದು ಓಡಿಸುತ್ತೇನೆ. ಸದ್ದು ಅಲ್ಲಿಗೇ ಅರ್ಧವಾದರೆ ದೋಷ ಹಲ್ಲುಚಕ್ರಗಳದ್ದಲ್ಲ. ಕವಚ ಎಲ್ಲೋ ಮೋಟಾರಿಗೆ ತಾಗಿ ತಮಟೆಯಂತೆ ಮೊಳಗುತ್ತಿದೆ, ಇಲ್ಲವೇ ಮೋಟಾರಿನ ತಿರುಪು ಸಡಿಲವಾಗಿದೆ. ಸಣ್ಣ ಕೀರಲು ಬಂದರೆ ಮೋಟಾರಿನ ಬುಶ್, ಅಂದರೆ ದಂಡ ತಿರುಗುವ ಲೋಹದ ಬಳೆ, ಒಣಗಿದೆ. ಗಾಲಿ ಒಂದು ಸುತ್ತು ಬಂದಾಗೊಮ್ಮೆ ಟಿಕ್ ಎಂದರೆ ಹಲ್ಲುಚಕ್ರ ಸೀಳಿದೆ ಎಂದೇ ಲೆಕ್ಕ. ಉಕ್ಕಿನ ಅಚ್ಚಿನ ಮೇಲೆ ಬಿಗಿಯಾಗಿ ಕೂರಿಸಿದ ಪ್ಲಾಸ್ಟಿಕ್ ಚಕ್ರ ಕಾಲ ಕಳೆದಂತೆ ಹಲ್ಲಿನ ಬುಡದಲ್ಲಿ ಬಿರುಕು ಬಿಡುತ್ತದೆ, ಅಲ್ಲಿ ಹಲ್ಲಿನಿಂದ ಹಲ್ಲಿಗೆ ಇರುವ ಅಂತರ ಹಿಗ್ಗುತ್ತದೆ. ಅದಕ್ಕೆ ಸೇರುಗಟ್ಟಲೆ ಗ್ರೀಸ್ ಮೆತ್ತಿದರೂ ಪ್ರಯೋಜನವಿಲ್ಲ, ಹೊಸ ಚಕ್ರವೇ ಬೇಕು.

ನನ್ನನ್ನು ಅತಿ ಹೆಚ್ಚು ಸತಾಯಿಸಿದ್ದು ಇಳಿಜಾರಿನ ಗೊರಗೊರ. ಏರುವಾಗ ಸುಮ್ಮನಿರುವ ಎಂಜಿನ್ ಇಳಿಯುವಾಗ ಮಾತ್ರ ಗೊರಗುಟ್ಟುತ್ತಾ ಕುಲುಕುತ್ತಿತ್ತು. ಮೋಟಾರಿನ ತಿರುಗುವಿಕೆಯನ್ನು ಗಾಲಿಗೆ ಮುಟ್ಟಿಸುವುದು ವರ್ಮ್, ಅಂದರೆ ತಿರುಪಿನಂಥ ಹಲ್ಲಿನ ದಂಡ. ಏರಿನಲ್ಲಿ ಅದು ಒಂದು ತುದಿಗೆ ಒತ್ತಿಕೊಂಡಿರುತ್ತದೆ. ಇಳಿಜಾರಿನಲ್ಲಿ ಹಿಂದಿನ ಬೋಗಿಗಳ ಭಾರ ಎಂಜಿನ್ನನ್ನು ದೂಡುವುದರಿಂದ ಇನ್ನೊಂದು ತುದಿಗೆ ಜಾರುತ್ತದೆ. ಎರಡು ತುದಿಗಳ ನಡುವೆ ಸಡಿಲ ಜಾಸ್ತಿಯಿದ್ದರೆ ಅಲ್ಲಿಂದಿಲ್ಲಿಗೆ ಬಡಿದಾಡುತ್ತಲೇ ಇರುತ್ತದೆ. ತೆಳುವಾದ ವಾಷರ್ ಒಂದನ್ನು ಸೇರಿಸಿದೆ, ಸದ್ದು ಅಡಗಿತು. ಗೆದ್ದೆನೆಂದು ಇನ್ನೊಂದನ್ನೂ ಸೇರಿಸಿದೆ. ಕಾದ ಮೇಲೆ ವರ್ಮ್ ಬಿಗಿದುಕೊಂಡು ಎಂಜಿನ್ ನಿಂತೇಬಿಟ್ಟಿತು. ಬೆರಳಲ್ಲಿ ಹಿಡಿದು ಆಡಿಸಿದರೆ ಕೂದಲೆಳೆಯಷ್ಟು ಆಡಬೇಕು, ಅಷ್ಟು ಸಡಿಲ ಉಳಿಸಲೇಬೇಕು.

ಇಷ್ಟೆಲ್ಲ ಆದ ಮೇಲೆ ಎಣ್ಣೆಯ ಸರದಿ. ಹಳೆಯ ಗ್ರೀಸಿನ ಮೇಲೆ ಹೊಸದನ್ನು ಎಂದೂ ಹಚ್ಚುವುದಿಲ್ಲ. ವರ್ಷಗಳು ಕಳೆದಂತೆ ಅದು ಗಟ್ಟಿಯಾಗಿ ಹಲಸಿನ ಮೇಣದಂತೆ ಹಲ್ಲುಗಳಿಗೆ ಅಂಟಿರುತ್ತದೆ, ಮೋಟಾರ್ ತನ್ನ ಅರ್ಧ ಶಕ್ತಿಯನ್ನು ಅದನ್ನು ಕಲಸುವುದಕ್ಕೇ ಕಳೆಯುತ್ತಿರುತ್ತದೆ. ಹಲ್ಲುಕಡ್ಡಿಯಿಂದ ಎಬ್ಬಿಸಿ, ಆಲ್ಕೋಹಾಲ್ ಮತ್ತು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ, ಪೂರ್ತಿ ಒಣಗಲು ಬಿಡುತ್ತೇನೆ. ಒಣಗುವ ಮೊದಲು ಕರೆಂಟ್ ಕೊಡಬಾರದು, ಹತ್ತಿರ ಬೆಂಕಿಯೂ ಇರಬಾರದು. ಅಸಿಟೋನ್ ಅಂತೂ ಮೇಜಿನ ಮೇಲೇ ಬೇಡ, ಕವಚ ಕರಗಿಹೋಗುತ್ತದೆ.

ವೇಗವಾಗಿ ತಿರುಗುವ ಮೋಟಾರಿನ ಬುಶ್‌ಗೆ ತೆಳು ಎಣ್ಣೆ, ನಿಧಾನ ತಿರುಗುವ ಅಚ್ಚುಗಳಿಗೆ ತುಸು ಮಂದವಾದದ್ದು, ವರ್ಮ್ ಮತ್ತು ಹಲ್ಲುಚಕ್ರಗಳಿಗೆ ಹಗುರ ಗ್ರೀಸ್. ಮೂರೂ ಪ್ಲಾಸ್ಟಿಕ್ಕಿಗೆ ಹಾನಿ ಮಾಡದ ಸಿಂಥೆಟಿಕ್ ಬಗೆಯವು ಎಂಬುದನ್ನು ಡಬ್ಬಿಯ ಮೇಲೆ ಓದಿಯೇ ಕೊಳ್ಳುತ್ತೇನೆ. ಕೆಲವು ಪೆಟ್ರೋಲಿಯಂ ಎಣ್ಣೆಗಳು ಪ್ಲಾಸ್ಟಿಕ್ಕನ್ನು ನಿಧಾನವಾಗಿ ಮೆತ್ತಗಾಗಿಸುತ್ತವೆ, ಇಲ್ಲವೇ ಬಿರುಕು ಬಿಡಿಸುತ್ತವೆ. ತುಕ್ಕು ಬಿಡಿಸುವ ಸ್ಪ್ರೇಯನ್ನು ಎಂಜಿನ್ನಿನ ಒಳಗೆ ಹೊಡೆಯುವವರನ್ನು ಕಂಡಿದ್ದೇನೆ. ಅದರ ದ್ರಾವಕ ಇದ್ದ ಗ್ರೀಸನ್ನೂ ತೊಳೆದುಹಾಕುತ್ತದೆ.

ಸೀಸೆಯ ಮೂತಿಯನ್ನು ಎಂಜಿನ್ನಿಗೆ ಎಂದೂ ನೇರ ತಾಗಿಸುವುದಿಲ್ಲ. ಎಣ್ಣೆಯಲ್ಲಿ ಸೂಜಿಯ ಮೊನೆ ಅದ್ದಿ, ಆ ಮೊನೆಯನ್ನು ಬುಶ್ ಮತ್ತು ದಂಡ ಸೇರುವ ಕಡೆ ಮುಟ್ಟಿಸಿದರೆ ಎಣ್ಣೆಯನ್ನು ಆ ಸಂದಿಯೇ ಒಳಗೆ ಎಳೆದುಕೊಳ್ಳುತ್ತದೆ. ಬುಶ್‌ಗೆ ಬಳಸುವ ಕಂಚು ಬಹುಮಟ್ಟಿಗೆ ಪುಡಿಯನ್ನು ಒತ್ತಿ ಕಾಯಿಸಿ ಮಾಡಿದ್ದು. ಅದರ ರಂಧ್ರಗಳಲ್ಲಿ ಎಣ್ಣೆ ಉಳಿದುಕೊಳ್ಳುವುದರಿಂದ ಅಷ್ಟೇ ಸಾಕಾಗುತ್ತದೆ. ಗ್ರೀಸನ್ನು ಹಲ್ಲುಕಡ್ಡಿಯ ತುದಿಯಲ್ಲಿ ವರ್ಮ್‌ನ ಎರಡು ಮೂರು ಸುತ್ತಿಗೆ ಮಾತ್ರ ಸವರುತ್ತೇನೆ. ಓಡುವಾಗ ಅದೇ ಎಲ್ಲ ಹಲ್ಲುಗಳಿಗೂ ಹರಡಿಕೊಳ್ಳುತ್ತದೆ. ಹೆಚ್ಚಾದರೆ ಸಿಡಿದು ಗಾಲಿಗೂ ಹಳಿಗೂ ಹೋಗುತ್ತದೆ. ಐದು ನಿಮಿಷ ಓಡಿಸಿ ಕೆಳಗಡೆಯಿಂದ ಟಿಶ್ಯೂ ಕಾಗದ ಒತ್ತಿ ನೋಡುತ್ತೇನೆ, ಕಲೆ ಬಿದ್ದರೆ ಜಾಸ್ತಿಯಾಗಿದೆ. ಬಂಡಿಗೆ ಕೀಲೆಣ್ಣೆ ಹಾಕುವ ಧಾರಾಳ ಇಲ್ಲಿ ನಡೆಯದು.

ಸ್ಟೀಮ್ ಎಂಜಿನ್ನುಗಳಲ್ಲಿ ಗಾಲಿಗಳನ್ನು ಕೂಡಿಸುವ ಸರಳುಗಳ ಒಂದೊಂದು ಕೀಲಿಗೂ ಇದೇ ಸೂಜಿಮೊನೆ. ಕೆಲವು ಎಂಜಿನ್ನುಗಳ ಗಾಲಿಗೆ ಹಿಡಿತಕ್ಕಾಗಿ ರಬ್ಬರ್ ಉಂಗುರ ಹಾಕಿರುತ್ತಾರೆ, ಅದಕ್ಕೆ ಎಣ್ಣೆ ತಾಗಿದರೆ ಉಬ್ಬಿ ಕಳಚುತ್ತದೆ. ಬೋಗಿಗಳಿಗೆ ನಾನು ಎಣ್ಣೆ ಹಾಕುವುದೇ ಇಲ್ಲ. ಚೂಪು ತುದಿಯ ಅಚ್ಚು ಪ್ಲಾಸ್ಟಿಕ್ ಗುಳಿಯಲ್ಲಿ ಒಣದಾಗಿಯೇ ಚೆನ್ನಾಗಿ ತಿರುಗುತ್ತದೆ, ಎಣ್ಣೆ ಹಾಕಿದರೆ ದೂಳು ಹಿಡಿಯುತ್ತದೆ. ಬೋಗಿ ಭಾರವಾಗಿ ಎಳೆದಂತೆನಿಸಿದರೆ ಅಚ್ಚಿಗೆ ಸುತ್ತಿಕೊಂಡ ಕೂದಲನ್ನು ಮೊದಲು ಹುಡುಕಿ, ಒಂದಾದರೂ ಸಿಗುತ್ತದೆ.

ತಡೆತಡೆದು ಓಡುವ ಎಂಜಿನ್ನಿಗೆ ಎಣ್ಣೆಯ ಹಂಗಿಲ್ಲ, ಅದು ಗಾಲಿಯ ಕೊಳೆಯಿಂದಾಗಿ ಹಳಿಯ ಕರೆಂಟ್ ಮೋಟಾರಿಗೆ ಮುಟ್ಟದ ತಕರಾರು. ಆಲ್ಕೋಹಾಲಿನಲ್ಲಿ ನೆನೆಸಿದ ಟಿಶ್ಯೂವನ್ನು ಹಳಿಗೆ ಅಡ್ಡ ಹಾಸಿ, ಒಂದು ತುದಿಯ ಗಾಲಿಗಳನ್ನು ಅದರ ಮೇಲೆ, ಇನ್ನೊಂದು ತುದಿಯವನ್ನು ಬರಿಯ ಹಳಿಯ ಮೇಲೆ ಇಟ್ಟು ಎಂಜಿನ್ನನ್ನು ಕೈಯಲ್ಲಿ ಹಿಡಿದು ಓಡಿಸುತ್ತೇನೆ. ಟಿಶ್ಯೂವಿನ ಮೇಲೆ ಎರಡು ಕರಿಯ ಪಟ್ಟೆ ಮೂಡುವುದನ್ನು ನೋಡುವುದೇ ಒಂದು ಸುಖ. ಹಳಿಯನ್ನೂ ಹಾಗೆಯೇ ಒರೆಸುತ್ತೇನೆ, ಮರಳು ಕಾಗದ ಮುಟ್ಟಿಸುವುದಿಲ್ಲ. ಅದು ಗೀರಿದ ಗೆರೆಗಳಲ್ಲೇ ಮುಂದಿನ ಕೊಳೆ ಮನೆ ಮಾಡುತ್ತದೆ. ಬೋಗಿಗಳ ಪ್ಲಾಸ್ಟಿಕ್ ಗಾಲಿಗಳಿಗೆ ಅಂಟಿದ ಕೊಳೆಯನ್ನು ಬಿಟ್ಟು ಹಳಿಯನ್ನಷ್ಟೇ ಉಜ್ಜಿದರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಲೋಹದ ಗಾಲಿಗಳಿಗೆ ಬದಲಾಯಿಸಿದ ಮೇಲೆ ನನ್ನ ಕೆಲಸ ಅರ್ಧಕ್ಕಿಳಿಯಿತು.

ಕೊನೆಗೆ ಬೋಗಿಗಳಿಲ್ಲದೆ, ಮಧ್ಯಮ ವೇಗದಲ್ಲಿ ಮುಂದಕ್ಕೆ 30 ನಿಮಿಷ, ಹಿಂದಕ್ಕೆ 30 ನಿಮಿಷ ಓಡಿಸುತ್ತೇನೆ. ಸುಮಾರು 25 ಗಂಟೆ ಓಡಿದ ಮೇಲೆ ಮತ್ತೆ ಸೂಜಿ ಹಿಡಿಯುವುದು. ಲೆಕ್ಕಕ್ಕೆ ಒಂದು ಚಿಕ್ಕ ಪುಸ್ತಕವಿದೆ.

ಆ ಮೊದಲ ಎಂಜಿನ್ ಈಗಲೂ ಓಡುತ್ತಿದೆ. ಅದರ ಗರ್ರೆನ್ನುವಿಕೆ ಎಷ್ಟು ಅಡಗಿದೆಯೆಂದರೆ, ಹಳಿಯಡಿಯ ಪ್ಲೈವುಡ್ ಗುಂಯ್ ಎನ್ನುವುದು ಕೇಳತೊಡಗಿತು. ಹಳಿಯ ಕೆಳಗೆ ಕಾರ್ಕ್ ಹಾಸಿ, ಪ್ಲೈವುಡ್ಡಿಗೆ ಬಿಗಿದಿದ್ದ ಮೊಳೆಗಳನ್ನು ಕಿತ್ತು, ಅಂಟಿನಲ್ಲಿ ಕೂರಿಸಿದೆ. ಈಗ ಎಡತಿರುವಿನ ಮೂರನೆಯ ಜೋಡಣೆಯಲ್ಲಿ ಗಾಲಿ ಕಟಕ್ ಎನ್ನುವುದು ಕೇಳುತ್ತಿದೆ. ಅದನ್ನು ನಾಳೆ ಬಿಚ್ಚಬೇಕು.