ಜೆಡಿಎ ಮುರಿದಾಗ ನಾನು ಮೊದಲು ಓದೋದು ಶ್ಯೂರಿಟಿ ಪೇಪರ್

ಜಾಯಿಂಟ್ ಡೆವಲಪ್‌ಮೆಂಟ್ ನಿಂತುಹೋಗಿ ನನ್ನ ಆಫೀಸಿಗೆ ಬರೋ ಜಮೀನಿನವರು ಸಾಮಾನ್ಯವಾಗಿ ಜೆಡಿಎ, ಅಂದ್ರೆ ತಮ್ಮ ಜಾಗದಲ್ಲಿ ಕಟ್ಟಡ ಕಟ್ಟಿ ಫ್ಲಾಟ್ ಹಂಚ್ಕೊಳ್ಳೋಕೆ ಬಿಲ್ಡರ್ ಜೊತೆ ಮಾಡ್ಕೊಂಡ ಜಾಯಿಂಟ್ ಡೆವಲಪ್‌ಮೆಂಟ್ ಅಗ್ರಿಮೆಂಟ್, ಒಂದನ್ನೇ ಹಿಡ್ಕೊಂಡು ಬರ್ತಾರೆ. ನಾನು ಕೇಳೋದು ಲೋನ್ ಟೈಮಲ್ಲಿ ಯಾವ್ಯಾವ್ದಕ್ಕೆ ಸೈನ್ ಹಾಕಿದ್ರಿ ಅಂತ, ಯಾಕಂದ್ರೆ ವಾಸದ ಮನೆವರೆಗೂ ಬರೋ ಪೇಪರ್ ಅದೇ.

ಬೆಂಗಳೂರಿನ ಹೊರವಲಯದ ಅಣ್ಣ ತಮ್ಮ ಇಬ್ಬರ ಕೇಸು ಹೇಳ್ತೀನಿ. ಬಿಲ್ಡರ್ ಕಂಪನಿ ತಗೊಂಡ ಲೋನಿಗೆ "ಬರೀ ಫಾರ್ಮಾಲಿಟಿ ಅಣ್ಣ" ಅಂತ ಹೇಳಿ ಇವರಿಬ್ಬರ ಹತ್ರ ಪರ್ಸನಲ್ ಗ್ಯಾರಂಟಿ, ಅಂದ್ರೆ ಶ್ಯೂರಿಟಿ ಸೈನ್, ಹಾಕಿಸ್ಕೊಂಡಿದ್ರು, ಆಮೇಲೆ ಟಾಪ್ ಅಪ್ ಲೋನೂ ಆಯ್ತು, ಕೆಲಸ ಪಿಲ್ಲರ್ ಮಟ್ಟದಲ್ಲೇ ನಿಂತ್ಹೋಯ್ತು, ಡಿಮ್ಯಾಂಡ್ ನೋಟಿಸ್ ಇವರ ಮನೆಗೆ ಬಂತು. ಮೊದಲು ಬಿಲ್ಡರ್ ಹತ್ರ ವಸೂಲಿ ಮಾಡ್ಲಿ ಸಾರ್ ಅಂದ್ರು. ಆ ವಾದ ನಿಲ್ಲಲ್ಲ. 1872ರ ಕಾಂಟ್ರಾಕ್ಟ್ ಆಕ್ಟ್ 128ನೇ ಸೆಕ್ಷನ್ ಪ್ರಕಾರ ಪೇಪರಲ್ಲಿ ಬೇರೆ ಥರ ಬರೀದಿದ್ರೆ ಸಾಲಗಾರನ ಹೊಣೆ ಎಷ್ಟೋ ಜಾಮೀನುದಾರನದ್ದೂ ಅಷ್ಟೇ, ಕಂಪನಿ ದಿವಾಳಿ ಕೇಸು ನೋಡೋ ಎನ್‌ಸಿಎಲ್‌ಟಿ ಟ್ರಿಬ್ಯೂನಲ್‌ಗೆ ಹೋಗಿ ಅದರ ಸಾಲ ಇತ್ಯರ್ಥ ಮಾಡೋ ರೆಸಲ್ಯೂಷನ್ ಪ್ಲಾನ್ ಪಾಸಾದ್ರೂ ಗ್ಯಾರಂಟಿ ತಾನಾಗೇ ಬಿದ್ದುಹೋಗಲ್ಲ ಅಂತ 2021ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಬಾಯಲ್ಲಿ ಹೇಳಿದ್ದ "ಫಾರ್ಮಾಲಿಟಿ" ಮಾತು ಬರೆದ ಪೇಪರಿನ ಮುಂದೆ ನಡೆಯೋದು ತುಂಬಾ ಕಷ್ಟ.

ಹಾಗಾಗಿ ಎಲ್ಲಾ ಪೇಪರನ್ನೂ ತಾರೀಖಿನ ಪ್ರಕಾರ ಜೋಡಿಸ್ಕೊಂಡು ಕೂತೆ. ಗ್ಯಾರಂಟಿಯ ಡೆಫಿನಿಷನ್ ಕ್ಲಾಸಲ್ಲಿ ಇದ್ದದ್ದು ಒಂದೇ ಸ್ಯಾಂಕ್ಷನ್ ಲೆಟರು (ಸಾಲ ಮಂಜೂರು ಮಾಡಿದ ಪತ್ರ), ಅದರ ತಾರೀಖು, ಅದರ ಮೊತ್ತ. ಮುಂದೆ ಕೊಡೋ ಸಾಲಕ್ಕೂ ಅನ್ವಯ ಅನ್ನೋ ಸಾಲೇ ಇಲ್ಲ, ಟಾಪ್ ಅಪ್ ಅಗ್ರಿಮೆಂಟಲ್ಲಿ ಅಣ್ಣ ತಮ್ಮಂದಿರ ಸೈನೂ ಇಲ್ಲ. ಜಾಮೀನುದಾರನ ಒಪ್ಪಿಗೆ ಇಲ್ದೆ ಷರತ್ತು ಬದಲಾಯಿಸಿದ್ರೆ ಆಮೇಲಿನ ವ್ಯವಹಾರಕ್ಕೆ ಅವನು ಹೊಣೆ ಅಲ್ಲ ಅನ್ನೋದು 133ನೇ ಸೆಕ್ಷನ್, ಆದ್ರೆ ಆ ಹಕ್ಕನ್ನೇ ಬಿಟ್ಟುಕೊಟ್ಟಿದ್ದೀವಿ ಅನ್ನೋ ವೇವರ್ ಕ್ಲಾಸ್ ತೋರಿಸಿದ್ರು ಎದುರು ಪಾರ್ಟಿ, ಅಂದ್ರೆ ಸಾಲ ಕೊಟ್ಟವರ ವಕೀಲರು. ಇಂಥ ವೇವರನ್ನ ಕೋರ್ಟುಗಳು ಎತ್ತಿಹಿಡಿದಿದ್ದೂ ಉಂಟು, ಅದಕ್ಕೇ ನಾನು 133ರ ಮೇಲೆ ಪೂರ್ತಿ ಭಾರ ಹಾಕ್ಲಿಲ್ಲ. ಹಕ್ಕು ಬಿಟ್ಟುಕೊಟ್ಟಿರಬಹುದು, ಅಷ್ಟಕ್ಕೇ ಗ್ಯಾರಂಟಿ ಕೊಡದೇ ಇರೋ ಸಾಲ ಗ್ಯಾರಂಟಿ ಒಳಗೆ ಬರೋದಿಲ್ಲ ಅಂದೆ. ಜಾಮೀನುದಾರ ಬರೆದುಕೊಟ್ಟ ಮಾತಿಗಿಂತ ಆಚೆ ಅವನನ್ನ ಎಳೆಯೋ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ 1967ರಲ್ಲೇ ಹೇಳಿಬಿಟ್ಟಿದೆ.

ಆಗ ಎದುರು ವಕೀಲರು ಜೆಡಿಎ ತೆಗೆದ್ರು. ಅದರಲ್ಲಿ ಜಾಯಿಂಟ್ ವೆಂಚರ್ ಅಂತ ಬರೆದಿದೆ, ನೀವೂ ಪಾರ್ಟ್ನರ್ಸೇ, ಪೂರ್ತಿ ಸಾಲ ನಿಮ್ಮದೂ ಹೌದು ಅಂತ. ಇದು ನನಗೆ ನಿಜಕ್ಕೂ ಸಿಟ್ಟು ಬರಿಸಿದ ವಾದ. ಸುಪ್ರೀಂ ಕೋರ್ಟಿನ 2008ರ ಫಕೀರ್ ಚಂದ್ ಗುಲಾಟಿ ತೀರ್ಪು ಇಂಥದಕ್ಕೇ ಇರೋದು, ಹೆಡ್ಡಿಂಗ್ ನೋಡಿ ತೀರ್ಮಾನ ಮಾಡೋಕಾಗಲ್ಲ, ಜಮೀನಿನವನಿಗೆ ಕೆಲಸದ ಮೇಲೆ ಹಿಡಿತ ಇಲ್ಲ, ಲಾಭನಷ್ಟದಲ್ಲಿ ಪಾಲಿಲ್ಲ ಅಂದ್ರೆ ಅದು ನಿಜವಾದ ಜಾಯಿಂಟ್ ವೆಂಚರ್ ಅಲ್ಲ. ನಮ್ಮ ಜೆಡಿಎಲಿ ಇದ್ದದ್ದು ಫ್ಲಾಟ್ ಹಂಚಿಕೆ ಮಾತ್ರ.

ಕೊನೆಗೆ ಟಾಪ್ ಅಪ್ ಬಿಟ್ಟು ಮೊದಲ ಲೋನಿಗಷ್ಟೇ ಸೆಟಲ್‌ಮೆಂಟ್ ಆಯ್ತು. ಒಂದು ಸೈಟ್ ಮಾರಿ ಕಟ್ಟಿದ್ರು, ಮನೆ ಉಳೀತು. ಸಾಲ ಬಿಲ್ಡರ್ ಜವಾಬ್ದಾರಿ ಅಂತ ಜೆಡಿಎಲಿ ಇದ್ದ ಕ್ಲಾಸ್ ಸಾಲ ಕೊಟ್ಟವರನ್ನ ಕಟ್ಟಿಹಾಕಲ್ಲ, ಆದ್ರೆ ಕಟ್ಟಿದ ದುಡ್ಡನ್ನ 145ನೇ ಸೆಕ್ಷನ್ ಕೆಳಗೆ ಬಿಲ್ಡರ್ ಕಂಪನಿಯಿಂದ ವಾಪಸ್ ಕೇಳೋಕೆ ಅದು ಜೊತೆಗೆ ನಿಲ್ಲುತ್ತೆ, ಆ ದಾವೆ ಈಗ ನಡೀತಿದೆ.

ಈಗ ಡ್ರಾಫ್ಟ್ ನನ್ನ ಕೈಗೆ ಬಂದ್ರೆ ವೇವರ್ ತೆಗೆಸೋಕೆ ಹಠ ಮಾಡಲ್ಲ, ಸಾಲ ಕೊಡೋರು ಅದನ್ನ ಸುಲಭಕ್ಕೆ ಬಿಡಲ್ಲ. ಮೊತ್ತಕ್ಕೆ ಮಿತಿ, ಸ್ಯಾಂಕ್ಷನ್ ಲೆಟರ್ ತಾರೀಖು, ಸಾಲ ಜಾಸ್ತಿ ಮಾಡಿದ್ರೆ ಹೊಸ ಸೈನ್ ಬೇಕು ಅನ್ನೋ ಸಾಲು, ಈ ಮೂರು ಮಾತ್ರ ಬಿಡದೆ ಹಾಕಿಸ್ತೀನಿ.