ರೆಡ್ ವೈನ್ ರುಚಿ ನೋಡುವುದು ಹೇಗೆ? ಎರಡು ಬಾಟಲಿ ಒಟ್ಟಿಗೆ ತೆಗೆಯಿರಿ

ಒಂದೇ ಬಾಟಲಿ ತಂದು, ಒಂದು ಗುಟುಕು ಕುಡಿದು, ಇದರಲ್ಲಿ ಚೆರ್ರಿ ಎಲ್ಲಿದೆ, ಚಾಕೊಲೇಟ್ ಎಲ್ಲಿದೆ ಅಂತ ಹುಡುಕುತ್ತಾ ಕೂತರೆ ಏನೂ ಸಿಗುವುದಿಲ್ಲ. ನಾಲಿಗೆಗೆ ಹೋಲಿಸಿ ನೋಡಲು ಇನ್ನೊಂದು ಬೇಕು. ನಾಲ್ಕೈದು ಗೆಳೆಯರು ದುಡ್ಡು ಹಾಕಿ ಎರಡು ಬಾಟಲಿ ತನ್ನಿ. ರುಚಿಗೆ ತಲಾ 50 ಮಿಲಿ ಸಾಕು, ಅಂದರೆ 750 ಮಿಲಿಯ ಬಾಟಲಿ ಹದಿನೈದು ಜನಕ್ಕೆ ಬರುತ್ತದೆ.

ಯಾವ ಎರಡು? ಯುರೋಪಿನ ಬಾಟಲಿಗಳ ಕಿರಿಕಿರಿ ಇರುವುದೇ ಇಲ್ಲಿ. ಲೇಬಲ್ ಮೇಲೆ ಹೆಚ್ಚಾಗಿ ಊರಿನ ಹೆಸರು ಇರುತ್ತದೆ, ದ್ರಾಕ್ಷಿಯದ್ದಲ್ಲ. ಫ್ರಾನ್ಸಿನ ಬರ್ಗಂಡಿ ಕೆಂಪು ಅಂದರೆ ಪಿನೋ ನ್ವಾರ್ ದ್ರಾಕ್ಷಿ, ಬೋಜೊಲೆ ಅಂದರೆ ಗಮೆ, ಇಟಲಿಯ ಕಿಯಾಂಟಿಯಲ್ಲಿ ಮುಖ್ಯವಾಗಿ ಸಾಂಜೊವೇಸೆ, ಬರೋಲೊದಲ್ಲಿ ನೆಬ್ಬಿಯೋಲೊ, ಸ್ಪೇನಿನ ರಿಯೋಹಾದಲ್ಲಿ ಟೆಂಪ್ರಾನಿಯೊ. ಫ್ರಾನ್ಸಿನ ಬೋರ್ಡೊದಲ್ಲಂತೂ ಹಲವು ದ್ರಾಕ್ಷಿಗಳ ಬೆರಕೆ: ನದಿಯ ಎಡದಂಡೆಯ ಮೆಡಾಕ್‌ನ ಜಲ್ಲಿ ನೆಲದಲ್ಲಿ ಕ್ಯಾಬರ್ನೆ ಸೊವಿನ್ಯೋನ್ ಮುಂದೆ, ಬಲದಂಡೆಯ ಸೇಂಟ್ ಎಮಿಲಿಯೋನ್, ಪೊಮೆರೋಲ್ ಕಡೆ ಮೆರ್ಲೋ ಮುಂದೆ. ಮೊದಲ ಸಲಕ್ಕೆ ಒಂದು ಬೋಜೊಲೆ, ಒಂದು ಮೆಡಾಕ್ ತನ್ನಿ. ಒಂದು ಹಗುರ, ಇನ್ನೊಂದು ಗಡಸು. ಬರೋಲೊ ದುಬಾರಿ, ಅದಕ್ಕೆ ಅವಸರ ಬೇಡ.

ರೆಡ್ ವೈನನ್ನು ರೂಮಿನ ಬಿಸಿಯಲ್ಲೇ ಕುಡಿಯಬೇಕು ಅನ್ನುತ್ತಾರಲ್ಲ, ಆ ರೂಮು ಯುರೋಪಿನದು. ನಮ್ಮ ಏಪ್ರಿಲ್‌ನ ರೂಮಲ್ಲ. 16ರಿಂದ 18 ಡಿಗ್ರಿ ಸರಿ, ಬೋಜೊಲೆಗೆ ಇನ್ನೂ ಸ್ವಲ್ಪ ತಂಪು. ಸುರಿಯುವ ಮೊದಲು ಸ್ವಲ್ಪ ಹೊತ್ತು ಫ್ರಿಜ್ಜಿನಲ್ಲಿಡಿ. ಬೆಚ್ಚಗಿದ್ದರೆ ಆಲ್ಕೋಹಾಲಿನ ಘಾಟೇ ಮೂಗಿಗೆ ಹೊಡೆಯುತ್ತದೆ. ತೀರಾ ತಣ್ಣಗಾದರೆ ಘಮ ಏಳುವುದಿಲ್ಲ, ಒಗರು ಮಾತ್ರ ಜಾಸ್ತಿಯಾಗುತ್ತದೆ. ಗ್ಲಾಸಿನ ಬಾಯಿ ಹೊಟ್ಟೆಗಿಂತ ಕಿರಿದಾಗಿರಲಿ, ಅಷ್ಟು ಸಾಕು.

ಸುರಿಯುವ ಮೊದಲು ಒಬ್ಬರು ಬಾಟಲಿಗಳಿಗೆ ಪೇಪರ್ ಸುತ್ತಿಬಿಡಿ. ಇದು ಸುಮ್ನೆ ಆಟಕ್ಕಲ್ಲ, ಕಣ್ಣಿಗೆ ಕಂಡದ್ದು ಮೂಗನ್ನು ಮೋಸಗೊಳಿಸುತ್ತದೆ. 2001ರಲ್ಲಿ ಪ್ರಕಟವಾದ ಬೋರ್ಡೊದ ಒಂದು ಪ್ರಯೋಗದಲ್ಲಿ, ವೈನ್ ಬಗ್ಗೆಯೇ ಓದುತ್ತಿದ್ದ 54 ವಿದ್ಯಾರ್ಥಿಗಳಿಗೆ ಬಿಳಿ ವೈನಿಗೆ ಕೆಂಪು ಬಣ್ಣ ಬೆರೆಸಿ ಕೊಟ್ಟಿದ್ದರು. ಅವರು ಅದರ ವಾಸನೆಯನ್ನು ಕೆಂಪು ವೈನಿನ ಮಾತುಗಳಲ್ಲೇ ವರ್ಣಿಸಿದರು. ಅವರ ಪಾಡೇ ಹೀಗಾದರೆ ನಾವೆಲ್ಲಿ!

ಈಗ ಗ್ಲಾಸನ್ನು ಬಿಳಿ ಹಾಳೆಯ ಮೇಲೆ ಓರೆಯಾಗಿ ಹಿಡಿದು ಅಂಚು ನೋಡಿ. ಎಳೆ ವೈನಿನ ಅಂಚು ನೇರಳೆ, ವಯಸ್ಸಾದದ್ದು ಇಟ್ಟಿಗೆ ಬಣ್ಣ. ಬಣ್ಣ ತಿಳಿಯಾಗಿದೆ ಅಂತ ವೈನೂ ಮೆತ್ತಗಿರುತ್ತದೆ ಅಂದುಕೊಳ್ಳಬೇಡಿ, ನೆಬ್ಬಿಯೋಲೊ ನೋಡಲು ತೆಳು, ಬಾಯಿಗೆ ಹೋದರೆ ಗೊತ್ತಾಗುತ್ತದೆ. ಗ್ಲಾಸಿನ ಒಳಗೋಡೆಯಲ್ಲಿ ಇಳಿಯುವ ಹನಿಗಳನ್ನು ನೋಡಿ ‘ಒಳ್ಳೇ ವೈನ್’ ಅನ್ನುವವರು ಇರುತ್ತಾರೆ. ಅದು ಆಲ್ಕೋಹಾಲ್ ಆವಿಯಾಗುವುದರಿಂದ ಆಗುವ ಚಮತ್ಕಾರ, ಗುಣಮಟ್ಟಕ್ಕೆ ಸಂಬಂಧವಿಲ್ಲ.

ಮೂಗಿನ ಕೆಲಸ ನಿಧಾನವಾಗಿ ಮಾಡಿ. ಮೊದಲು ಅಲುಗಾಡಿಸದೆ ಮೂಸಿ, ಆಮೇಲೆ ಗ್ಲಾಸನ್ನು ಮೇಜಿನ ಮೇಲೇ ಗರಗರ ತಿರುಗಿಸಿ ಇನ್ನೊಮ್ಮೆ ಮೂಸಿ. ಒದ್ದೆ ರಟ್ಟಿನ, ಮುಗ್ಗಲು ವಾಸನೆ ಬಂದರೆ ಬಿರಡೆಯಿಂದ ವೈನ್ ಕೆಟ್ಟಿದೆ ಅಂತ ಅರ್ಥ, ಅಂಗಡಿಗೆ ವಾಪಸ್ ಕೊಡಬೇಕಾದದ್ದು. ಹಣ್ಣಿನ ಹೆಸರು ಹೊಳೆಯದಿದ್ದರೆ ಬಿಡಿ. ತಾಜಾ ಹಣ್ಣೋ ಒಣಹಣ್ಣೋ, ಮರದ ವಾಸನೆ ಇದೆಯೋ ಇಲ್ಲವೋ, ಅಷ್ಟು ಹೇಳಿದರೆ ಸಾಕು. ರಿಯೋಹಾದಲ್ಲಿ ವೆನಿಲ್ಲಾ, ಕೊಬ್ಬರಿಯ ಘಮ ಬರುವುದು ಅಲ್ಲಿ ಬಳಸುವ ಅಮೆರಿಕನ್ ಓಕ್ ಪೀಪಾಯಿಗಳಿಂದ. ಫ್ರಾನ್ಸಿನ ರೋನ್ ಕಣಿವೆಯ ಉತ್ತರ ಭಾಗದ, ಸಿರಾ ಎಂಬ ದ್ರಾಕ್ಷಿಯ ವೈನ್ ಸಿಕ್ಕರೆ ಮಲೆನಾಡಿನವರು ಬಿಡಬೇಡಿ. ಕಾಳುಮೆಣಸಿನ ವಾಸನೆ ಬರುತ್ತದೆ, ಬರೀ ಕಲ್ಪನೆಯಲ್ಲ, ಮೆಣಸಿನಲ್ಲಿರುವ ರೊಟಂಡೋನ್ ಎಂಬ ಅಂಶವೇ ಆ ದ್ರಾಕ್ಷಿಯ ಸಿಪ್ಪೆಯಲ್ಲೂ ಇದೆ. ಆದರೆ ಸುಮಾರು ಐವರಲ್ಲಿ ಒಬ್ಬರ ಮೂಗಿಗೆ ಅದು ಹತ್ತುವುದೇ ಇಲ್ಲ, ಹಾಗಾಗಿ ಪಕ್ಕದವರ ಜೊತೆ ಜಗಳ ಬೇಡ.

ಇನ್ನು ಬಾಯಿ. ಒಂದು ಗುಟುಕು ತೆಗೆದುಕೊಂಡು ಒಸಡಿಗೆಲ್ಲ ತಾಗುವಂತೆ ಆಡಿಸಿ, ತುಟಿ ಸ್ವಲ್ಪ ತೆರೆದು ಗಾಳಿ ಎಳೆದುಕೊಳ್ಳಿ, ಸೊರ್ ಅಂತ ಸದ್ದಾದರೂ ನಾಚಿಕೆ ಪಡಬೇಡಿ, ಆಮೇಲೆ ಮಗ್ಗಿಗೆ ಉಗಿದುಬಿಡಿ. ಎರಡನ್ನು ಮಾತ್ರ ಗಮನಿಸಿ. ಹುಳಿ ಇದ್ದರೆ ಕೆನ್ನೆಯ ಒಳಗೆ ಜೊಲ್ಲು ಒಸರುತ್ತದೆ. ಒಗರು ಇದ್ದರೆ, ಹಸಿ ಅಡಿಕೆ ಅಗಿದಾಗ ಆಗುವಂತೆ ನಾಲಿಗೆ ಒಣಗಿ ಒಸಡು ಹಿಡಿದುಕೊಳ್ಳುತ್ತದೆ. ದ್ರಾಕ್ಷಿಯ ಸಿಪ್ಪೆ, ಬೀಜ, ಪೀಪಾಯಿಯ ಮರದಿಂದ ಬರುವ ಟ್ಯಾನಿನ್ ಜೊಲ್ಲಿನ ಪ್ರೋಟೀನಿಗೆ ಅಂಟಿಕೊಳ್ಳುವುದೇ ಇದಕ್ಕೆ ಕಾರಣ. ಬೋಜೊಲೆ ಆದಮೇಲೆ ಮೆಡಾಕ್ ಕುಡಿದು ನೋಡಿ, ವಿವರಣೆಯೇ ಬೇಕಿಲ್ಲ. ಕ್ರಮ ತಿರುಗಿಸಬೇಡಿ, ಗಡಸು ವೈನ್ ಮೊದಲು ಕುಡಿದರೆ ಹಗುರದ್ದು ನೀರೆನಿಸುತ್ತದೆ.

ಎರಡನೇ ಸುತ್ತು ತಿಂಡಿಯ ಜೊತೆ. ಒಂದು ತುಂಡು ಚೀಸ್ ಅಥವಾ ಹುರಿದ ಮಟನ್ ತಿಂದು ಅದೇ ಮೆಡಾಕ್ ಮತ್ತೆ ಕುಡಿಯಿರಿ, ಒಗರು ಕರಗಿಹೋಗಿರುತ್ತದೆ. ಈ ವೈನ್‌ಗಳು ಬೆಳೆದದ್ದೇ ಊಟದ ಮೇಜಿನ ಮೇಲೆ. ಆದರೆ ಆಂಧ್ರ ಶೈಲಿಯ ಖಾರ ಬೇಡ, ಬಾಯಿ ಉರಿ ಇನ್ನೂ ಏರುತ್ತದೆ.

ಉಳಿದದ್ದಕ್ಕೆ ಬಿರಡೆ ಹಾಕಿ ಫ್ರಿಜ್ಜಿನಲ್ಲಿಟ್ಟರೆ ಮೂರು ದಿನ ಕೆಡುವುದಿಲ್ಲ. ಬೋಜೊಲೆಯನ್ನು ಮೊದಲು ಮುಗಿಸಿ. ಎಳೆಯ ಮೆಡಾಕ್ ಗಾಳಿ ತಾಗಿ ಮಾರನೇ ದಿನ ಮೆತ್ತಗಾಗುವುದೂ ಉಂಟು.