ಚಿಂಟುವಿನ ಇಳಿಯದ ಬೀಜ

ಸಂಜೆ ವಾಕಿಂಗ್ ಹೋದರೆ ಬೀದಿಯ ಗಂಡುನಾಯಿಗಳು ನಮ್ಮ ಚಿಂಟುವಿನ ಹಿಂದೆ ಬೀಳುತ್ತಿದ್ದವು. ಜಗಳಕ್ಕಲ್ಲ. ಬೆದೆಗೆ ಬಂದ ಹೆಣ್ಣಿನ ಹಿಂದೆ ಮೂಸುತ್ತಾ ಬರುತ್ತವಲ್ಲ, ಹಾಗೆ. ಚಿಂಟು 8 ವರ್ಷದ ಗಂಡು ಪೊಮೇರಿಯನ್. ಮನೆಯವರೆಲ್ಲ ನಕ್ಕೆವು.

ಅದಕ್ಕೂ ಮೊದಲೇ ಅವನ ಎರಡೂ ಪಕ್ಕೆಯ ಕೂದಲು ಒಂದೇ ಥರ ಉದುರುತ್ತಿತ್ತು. ಕೆರೆತವಿಲ್ಲ, ಗಾಯವಿಲ್ಲ. ಶಾಂಪೂ ಬದಲಾಯಿಸಿದೆ, ಊಟಕ್ಕೆ ಮೀನೆಣ್ಣೆ ಹಾಕಿದೆ. ಮೊಲೆತೊಟ್ಟು ಊದಿದ್ದು ಕಂಡಾಗಲೇ ಹೆದರಿ ಆಸ್ಪತ್ರೆಗೆ ಒಯ್ದದ್ದು. ಡಾಕ್ಟರು ಚರ್ಮ ನೋಡುವ ಮೊದಲು ಹಿಂಗಾಲಿನ ನಡುವೆ ಕೈ ಹಾಕಿದರು. 'ಒಂದೇ ಬೀಜ ಇದೆಯಲ್ಲ, ಇನ್ನೊಂದು ಎಲ್ಲಿ?'

ಗೊತ್ತಿತ್ತು ನನಗೆ. ಮೂರು ತಿಂಗಳ ಮರಿಯಿದ್ದಾಗ ಲಸಿಕೆ ಹಾಕಿಸಿದ ಕಡೆ 'ಒಂದು ಬೀಜ ಇನ್ನೂ ಒಳಗೇ ಇದೆ, ಆಮೇಲೆ ಕೆಳಗಿನ ಚೀಲಕ್ಕೆ ಇಳಿಯುತ್ತೆ ಬಿಡಿ' ಅಂದಿದ್ದರು. ಇಳಿಯಲಿಲ್ಲ, ನಾನೂ ಮತ್ತೆ ಕೇಳಲಿಲ್ಲ. ಕಾಲೆತ್ತುತ್ತಾನೆ, ಗಂಡಿನ ಹಾಗೇ ಇದ್ದಾನೆ, ಸುಮ್ನೆ ಯಾಕೆ ಕೊಯ್ಯಿಸೋದು ಅಂತ.

ನನ್ನ ಲೆಕ್ಕ ತಪ್ಪಿದ್ದು ಅಲ್ಲೇ. ಹೊಟ್ಟೆಯೊಳಗಿನ ಶಾಖಕ್ಕೆ ಬೀಜದಲ್ಲಿ ವೀರ್ಯಾಣು ಹುಟ್ಟುವುದಿಲ್ಲ, ಆದರೆ ಗಂಡು ಹಾರ್ಮೋನು ನಿಲ್ಲುವುದಿಲ್ಲ. ಹಾಗಾಗಿ ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ. ಒಳಗೇ ಉಳಿದ ಬೀಜದಲ್ಲಿ ಗೆಡ್ಡೆ ಬೆಳೆಯುವ ಸಾಧ್ಯತೆ ಇಳಿದ ಬೀಜಕ್ಕಿಂತ ಸುಮಾರು 10 ಪಟ್ಟು ಜಾಸ್ತಿ. ಚಿಂಟುವಿನದು ಸರ್ಟೋಲಿ ಗೆಡ್ಡೆ, ಅಂದರೆ ಬೀಜದೊಳಗೆ ವೀರ್ಯಾಣುಗಳನ್ನು ಪೋಷಿಸುವ ಸರ್ಟೋಲಿ ಕೋಶಗಳಿಂದ ಬೆಳೆಯುವ ಗೆಡ್ಡೆ. ಅದು ಹೆಣ್ಣು ಹಾರ್ಮೋನು ಈಸ್ಟ್ರೋಜನ್ ಸುರಿಸುತ್ತದೆ. ಕೂದಲು, ಮೊಲೆತೊಟ್ಟು, ಬೀದಿನಾಯಿಗಳ ಪ್ರೀತಿ, ಎಲ್ಲಕ್ಕೂ ಕಾರಣ ಅದೇ.

ಸ್ಕ್ಯಾನಿಂಗ್‌ನಲ್ಲಿ ಮೂತ್ರಕೋಶದ ಹತ್ತಿರ ನಿಂಬೆಹಣ್ಣಿನಷ್ಟು ಉಂಡೆ ಕಂಡಿತು. ಕ್ಯಾನ್ಸರ್ ಅಂದ ಕೂಡಲೇ ನನ್ನ ಕೈಕಾಲು ತಣ್ಣಗಾದವು. ಡಾಕ್ಟರಿಗೆ ಹೆಚ್ಚು ಚಿಂತೆ ಇದ್ದದ್ದು ರಕ್ತದ್ದು. ಈ ಜಾತಿಯ ಗೆಡ್ಡೆ ಬೇರೆ ಕಡೆ ಹರಡುವುದು ಕಡಿಮೆಯಂತೆ. ಆದರೆ ಈಸ್ಟ್ರೋಜನ್ ಜಾಸ್ತಿಯಾದರೆ ಮೂಳೆಯ ಮಜ್ಜೆ ಸೊರಗುತ್ತದೆ, ರಕ್ತ ತಯಾರಾಗುವುದೇ ನಿಲ್ಲಬಹುದು. ಆ ಹಂತ ಮುಟ್ಟಿದರೆ ಬೀಜ ತೆಗೆದರೂ ನಾಯಿ ಉಳಿಯುವುದು ಕಷ್ಟ. ಚಿಂಟುವಿನ ಪ್ಲೇಟ್‌ಲೆಟ್ ಸ್ವಲ್ಪ ಇಳಿದಿತ್ತು, ಅಷ್ಟೇ. ಹೊಟ್ಟೆ ಕೊಯ್ದು ತೆಗೆದರು. ಕೆಳಗಿದ್ದ ಇನ್ನೊಂದು ಬೀಜ ಕಡಲೆಕಾಳಿನಷ್ಟಕ್ಕೆ ಕುಗ್ಗಿತ್ತು, ಅದನ್ನೂ ತೆಗೆದರು. ಕೂದಲು ತಿರುಗಿ ತುಂಬಲು ಮೂರು ತಿಂಗಳು ಹಿಡಿಯಿತು.

ಈಗಿನ ಮರಿ ಭೀಮನನ್ನು ತಂದ ದಿನವೇ ನೋಡಿದೆ. ಮರಿ ನಿಂತಿರಬೇಕು, ನಮ್ಮ ಕೈ ಬೆಚ್ಚಗಿರಬೇಕು. ಹೆದರಿದರೆ, ಚಳಿಯಾದರೆ ಇಳಿದ ಬೀಜವೂ ಮೇಲೆ ಸರಿಯುತ್ತದೆ. ಹಾಗಾಗಿ ಉಂಡು ಮಲಗಿ ಎದ್ದ ಮೇಲೆ ನೋಡುವುದು ಒಳ್ಳೆಯದು. ಚೀಲದಿಂದ ತೊಡೆಸಂದಿಯ ಕಡೆಗೆ ಬೆರಳು ಮೆಲ್ಲಗೆ ಸರಿಸಿದರೆ ಅವರೆಕಾಳಿನ ಥರ ಎರಡು ಸಿಗಬೇಕು. ಎರಡು ತಿಂಗಳ ಹೊತ್ತಿಗೆ ಎರಡೂ ಕೆಳಗಿರಬೇಕು. ಇಲ್ಲದಿದ್ದರೆ ಪ್ರತಿ ಲಸಿಕೆಗೂ ತೋರಿಸಿ. ಆರು ತಿಂಗಳಾದ ಮೇಲೆ ಕಾಯುವುದರಲ್ಲಿ ಅರ್ಥವಿಲ್ಲ.

ಭೀಮನಿಗೆ ಬಲಗಡೆಯದು ಇರಲಿಲ್ಲ. ಬಲಗಡೆಯದೇ ಹೆಚ್ಚಾಗಿ ಒಳಗೆ ಉಳಿಯುವುದಂತೆ. ತಳಿ ಚೆನ್ನಾಗಿದೆ, ಒಂದು ಸಲ ಕ್ರಾಸಿಂಗ್‌ಗೆ ಕೊಡಿ ಅಂತ ಪಕ್ಕದ ಬೀದಿಯವರು ದುಂಬಾಲು ಬಿದ್ದರು. ಇದು ಅಪ್ಪನಿಂದ ಮರಿಗೆ ಹೋಗುವ ದೋಷ, ಕೊಡಲ್ಲ ಅಂದೆ. ಬೇಜಾರು ಮಾಡಿಕೊಂಡರು. ಎಂಟನೇ ತಿಂಗಳಿಗೆ ಎರಡನ್ನೂ ತೆಗೆಸಿದೆ. ಒಳಗಿದ್ದದ್ದು ತೊಡೆಸಂದಿಯಲ್ಲೇ ಸಿಕ್ಕಿತು, ಹೊಟ್ಟೆ ಕೊಯ್ಯಬೇಕಾಗಲಿಲ್ಲ. ಮಾರನೇ ದಿನವೇ ಕೊರಳಿನ ಪ್ಲಾಸ್ಟಿಕ್ ಕಾಲರ್ ಕಿತ್ತು ಹಾಕಿದ್ದ.